ಗೆಜ್ಜೆಪಟ್ಟಿಯ ಆಚೆ ಬದಿ

ನಮ್ಮ ಮನೆಯ ಹುಡುಗಿ ಬಿ.ಎ. ಮುಗಿಸುವುದು ಎಂದೂ ಆಗದ ಮಾತು ಎಂದವನು ನನ್ನ ಅಜ್ಜ ಫಕೀರಪ್ಪ. ಸಿಟ್ಟಿನಿಂದ ಅಂದದ್ದಲ್ಲ. ದಾರಕ್ಕೆ ಜೇನುಮೇಣ ತಿಕ್ಕುತ್ತ, ತಲೆ ಎತ್ತದೆ, "ಅದು ನಮ್ಮ ಮನ್ಯಾಗ ಆಗೂದಲ್ಲ ಹೋಗೂದಲ್ಲ" ಅಂದಿದ್ದ. ಈಗ ನಾನು ಕಲಘಟಗಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಬಸ್‌ಸ್ಟ್ಯಾಂಡಿನ ಪಕ್ಕ ಚಪ್ಪಲಿ ಹೊಲಿಯುವವರೊಬ್ಬರು ಕೂಡುತ್ತಾರೆ. ಅವರ ಡಬ್ಬಿಯ ನೀರಿನಲ್ಲಿ ನೆನೆದ ತೊಗಲಿನ ವಾಸನೆ, ಬಿಸಿಲಿಗೆ ಮೆತ್ತಗಾದ ಮೇಣದ ವಾಸನೆ ಮೂಗಿಗೆ ಬಡಿದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಜನ ಮೂಗು ಮುಚ್ಚಿಕೊಂಡು ದಾಟುವ ಆ ಜಾಗದಲ್ಲಿ ನಾನು ಚಪ್ಪಲಿ ಹರಿಯದಿದ್ದರೂ ಎರಡು ನಿಮಿಷ ನಿಂತು ಹೋಗುತ್ತೇನೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ಅದು ಬಂದ ಕೂಡಲೆ ಇಲ್ಲದ ಮನೆಯ ಬಾಗಿಲು ತೆರೆದಂತಾಗುತ್ತದೆ. ಮೊರಬದ ನಮ್ಮ ಮನೆ ಈಗ ಇಲ್ಲ. ಅಜ್ಜ ಹೋದ ಮರುವರ್ಷದ ಮಳೆಗೆ ಅದರ ಮಣ್ಣಿನ ಗೋಡೆ ಕುಸಿಯಿತು. ಅಪ್ಪ, ಅವ್ವ ಹೊಲಿಗೆ ಮಷೀನು ಕಟ್ಟಿಕೊಂಡು ನವಲಗುಂದಕ್ಕೆ ಹೋದರು.

ಆ ಮನೆಯ ಪಡಸಾಲೆಯಲ್ಲಿ, ಬಾಗಿಲ ಬೆಳಕು ಬೀಳುವ ಕಡೆ, ಕಟ್ಟಿಗೆಯ ದೊಡ್ಡ ಇಕ್ಕಳವೊಂದು ನಿಂತಿರುತ್ತಿತ್ತು. ಎತ್ತಿನ ಕೊರಳಿಗೆ ಕಟ್ಟುವ ಗೆಜ್ಜೆಪಟ್ಟಿಯನ್ನು, ಮೂರು ಪದರಿನ ದಪ್ಪ ತೊಗಲನ್ನು, ಅದರಲ್ಲಿ ನೆಟ್ಟಗೆ ಸಿಕ್ಕಿಸಿ ಹೊಲಿಯುತ್ತಿದ್ದರು. ಈಚೆ ಬದಿಗೆ ಅಜ್ಜ, ಆಚೆ ಬದಿಗೆ ಅಜ್ಜಿ. ನನಗೆ ಎಂಟು ವರ್ಷವಿದ್ದಾಗ ಅಜ್ಜಿ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ಅಜ್ಜ ಗೋಣಿತಟ್ಟನ್ನು ಕೊಡವಿ ಹಾಸಿ, "ಬಾರವಾ, ಇಲ್ಲೆ ಕುಂದರು. ಎರಡು ಸೂಜಿಗೆ ಎರಡು ಮಂದಿ ಬೇಕು" ಅಂದ. ಅವನು ಆರಿಯಿಂದ ತೂತು ಕೊರೆಯುತ್ತಿದ್ದ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ. ಅವನ ಸೂಜಿ ಆ ತೂತಿನಿಂದ ನನ್ನ ಕಡೆ ಇಣುಕುತ್ತಿತ್ತು, ನಾನು ಎಳೆದುಕೊಳ್ಳುತ್ತಿದ್ದೆ. ಅದೇ ತೂತಿನಿಂದ ನನ್ನ ಸೂಜಿ ಅವನ ಕಡೆ ಹೋಗುತ್ತಿತ್ತು. ಆಮೇಲೆ ಇಬ್ಬರೂ ಒಟ್ಟಿಗೆ ಜಗ್ಗಬೇಕು, ಸಮನಾಗಿ ಜಗ್ಗಬೇಕು. ಒಬ್ಬರದು ಹೆಚ್ಚಾದರೆ ಹೊಲಿಗೆ ಸೊಟ್ಟ ಬೀಳುತ್ತದೆ.

ತೊಗಲು ನಡುವೆ ಇದ್ದುದರಿಂದ ನನಗೆ ಅವನ ರುಮಾಲು ಮತ್ತು ಹುಬ್ಬು ಬಿಟ್ಟರೆ ಮುಖ ಕಾಣುತ್ತಿರಲಿಲ್ಲ. ಆದರೆ ನಾನು ಹೇಗಿದ್ದೇನೆ ಎಂಬುದು ಅವನಿಗೆ ದಾರದಲ್ಲೇ ತಿಳಿಯುತ್ತಿತ್ತು. "ಇವತ್ತ ಯಾರ ಮ್ಯಾಲೆ ಸಿಟ್ಟವಾ? ನೀ ಜಗ್ಗೂದು ನೋಡಿದ್ರ ನನ್ನ ಕೈಯ ಕಿತ್ತ ಬರೂ ಹಂಗೈತಿ" ಅನ್ನುತ್ತಿದ್ದ. ಆಗ ನಾನು ಶಾಲೆಯಲ್ಲಿ ನೀರಿನ ಗಡಿಗೆ ಮುಟ್ಟಿದ್ದಕ್ಕೆ ಯಾರೋ ಅಂದ ಮಾತನ್ನೋ, ಗಣಿತದಲ್ಲಿ ನಾನೇ ಮೊದಲು ಬಂದದ್ದನ್ನೋ ಆ ಪಟ್ಟಿಗೆ ಹೇಳುತ್ತಿದ್ದೆ. ಅವನು "ಹೂಂ" ಅನ್ನುತ್ತ ಮುಂದಿನ ತೂತು ಕೊರೆಯುತ್ತಿದ್ದ. ಹತ್ತು ವರ್ಷ ನಾನು ಹೀಗೆ ಬೆಳೆದೆ. ನಮ್ಮ ಓಣಿಯ ಉಳಿದವರೆಲ್ಲ ತೊಗಲು ಬಿಟ್ಟು ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗಿದ್ದರು, ಆದ್ದರಿಂದ ಬೇರೆಯವರು ಪಟ್ಟಿ ಹೊಲಿಯುವುದನ್ನು ನಾನು ನೋಡಿದವಳೇ ಅಲ್ಲ.

ಪಿ.ಯು.ಸಿ. ಮುಗಿದಾಗ ಅಪ್ಪ ನನ್ನನ್ನು ನವಲಗುಂದದ ಕಾಲೇಜಿಗೆ ಹಚ್ಚುತ್ತೇನೆ ಅಂದ. ಅಜ್ಜ ಆಗೂದಲ್ಲ ಅಂದದ್ದು ಆಗಲೇ. ಅವನ ಕಾರಣ ನನಗೆ ಸರಿ ಅನಿಸಿತ್ತು. ನಾನು ಎದ್ದು ಹೋದರೆ ಪಟ್ಟಿಯ ಆಚೆ ಬದಿಗೆ ಯಾರು ಕೂಡಬೇಕು? ಅಪ್ಪ ವಾದ ಮಾಡಲಿಲ್ಲ. ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ಚಪ್ಪಲಿ ರಿಪೇರಿ ಮಾಡುತ್ತಿದ್ದ ಅವನು ಒಂದು ದಿನ ಟ್ರ್ಯಾಕ್ಟರಿನಲ್ಲಿ ತೊಗಲು ಹೊಲಿಯುವ ಮಷೀನು ಹೇರಿಕೊಂಡು ಬಂದ. ಹುಬ್ಬಳ್ಳಿಯಲ್ಲಿ ಸೀಟು ಹೊಲಿಯುವವರ ಹತ್ತಿರ ಹಳೆಯದೊಂದನ್ನು ಕೊಂಡಿದ್ದ. ಕಪ್ಪು ಕಬ್ಬಿಣ, ಬಂಡಿಯ ಗಾಲಿಯಂಥ ಚಕ್ರ, ಜಾಲಿಮುಳ್ಳಿನಷ್ಟು ದಪ್ಪ ಸೂಜಿ. ಪೆಡಲು ತುಳಿದರೆ ನೆಲ ಅದುರಿ ಅಡುಗೆಮನೆಯ ಹಲಗೆಯ ಮೇಲಿನ ತಾಟುಗಳು ಸದ್ದು ಮಾಡುತ್ತಿದ್ದವು. "ಇದಕ್ಕ ಎದುರಿಗೆ ಯಾರೂ ಕುಂದರೂದು ಬ್ಯಾಡಪಾ. ಕೆಳಗಿನ ದಾರ ತಾನ ಹಿಡಕೊಂತೈತಿ" ಎಂದು ಅಪ್ಪ ತೋರಿಸಿದ. ಅಜ್ಜ ಸುತ್ತ ಒಂದು ಸಲ ತಿರುಗಿ ನೋಡಿ, "ಚಲೋ ಆತು. ಮಾತಾಡತೈತೇನ?" ಅಂದ.

ನಾನು ಕಾಲೇಜಿಗೆ ಹೋದೆ. ಮಷೀನಿನಲ್ಲಿ ಚೀಲ, ಟ್ರ್ಯಾಕ್ಟರಿನ ಸೀಟು ಎಲ್ಲದಕ್ಕೂ ಹೊಲಿಗೆ ಬಿತ್ತು. ಗೆಜ್ಜೆಪಟ್ಟಿ ಮಾತ್ರ ಅಜ್ಜ ಬಿಟ್ಟುಕೊಡಲಿಲ್ಲ. ಬಸ್ಸಿಳಿದು ಬಂದವಳು ಕೈಕಾಲು ತೊಳೆದು ಅವನ ಎದುರಿಗೆ ಕೂಡುವುದು ನಡೆದೇ ಇತ್ತು. ನಿಜ ಹೇಳಬೇಕೆಂದರೆ ನನಗೂ ಆಗ ಆ ದಾರ ಭಾರವಾಗತೊಡಗಿತ್ತು. ಓದುವುದು ಉಳಿಯುತ್ತಿತ್ತು, ಎರಡು ಪೇಪರು ಹೋಗಿದ್ದವು. ಕೊನೆಯ ವರ್ಷದ ಪರೀಕ್ಷೆ ಕಾರಹುಣ್ಣಿಮೆಯ ಹೊತ್ತಿಗೇ ಬಂತು. ಊರೆಲ್ಲ ಎತ್ತು ಸಿಂಗರಿಸುವ ಹಬ್ಬ, ಪಟ್ಟಿಗೆ ಬೇಡಿಕೆ ಬರುವುದೇ ಆಗ. ಈ ವರ್ಷ ಪಟ್ಟಿಯನ್ನೂ ಮಷೀನಿಗೆ ಹಾಕೋಣ, ಹುಡುಗಿ ಓದಿಕೊಳ್ಳಲಿ ಎಂದು ಅಪ್ಪ ಅಂದಾಗ ಅಜ್ಜ ಬೇಡ ಅನ್ನಲಿಲ್ಲ. ಇಕ್ಕಳವನ್ನು ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಇಟ್ಟ.

ಅಪ್ಪನಿಗೆ ಮಷೀನಿನ ಮೇಲೆ ಭಾರಿ ಅಭಿಮಾನ. ಎಳ್ಳು ಸಾಲಾಗಿ ಇಟ್ಟ ಹಾಗೆ ಸಣ್ಣ ಸಣ್ಣ ಹೊಲಿಗೆ ಹಾಕಿ ಹನ್ನೊಂದು ಜೋಡಿ ಪಟ್ಟಿ ಮಾಡಿದ. ನೋಡಿದವರೆಲ್ಲ ಭೇಷ್ ಅಂದರು. ಹಬ್ಬಕ್ಕೆ ಎಂಟು ದಿನವಿರುವಾಗ, ಒಂದು ಜೋಡಿ ಒಯ್ದಿದ್ದ ಈರಪ್ಪಗೌಡರು ಬಂದು ಎರಡು ತುಂಡಾದ ಪಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟರು. ಕಟ್ಟಿ ನೋಡುವಾಗ ಎತ್ತು ಒಂದು ಸಲ ಕೊರಳು ಕೊಡವಿತಂತೆ, ಅಷ್ಟೇ. "ಏನೋ ಮಲ್ಲೇಶಿ, ಪಟ್ಟಿ ಹೊಲದೀಯೋ ಪೋಸ್ಟಿನ ಸ್ಟಾಂಪ್ ಮಾಡೀಯೋ?" ಎಂದು ಅಪ್ಪನಿಗೆ ಅಂದರು. ದಾರ ಒಂದೂ ಹರಿದಿರಲಿಲ್ಲ. ಒತ್ತೊತ್ತಾಗಿ ಬಿದ್ದ ತೂತಿನ ಸಾಲಿಗುಂಟ ತೊಗಲೇ ಹರಿದಿತ್ತು. ಅಪ್ಪ ತಪ್ಪಾಯಿತು ಅಂದ. ಅಜ್ಜ ಆ ಸಾಲಿನ ಮೇಲೆ ಉಗುರು ಎಳೆದು ನೋಡಿದ, ಒಳಗಿನಿಂದ ಒಂದು ಜೋಳದ ಕಾಳು ತಂದು ಎರಡು ತೂತಿನ ನಡುವೆ ಇಟ್ಟ. ಅಷ್ಟು ಜಾಗ ಬಿಡಬೇಕಿತ್ತು. ಗೆದ್ದವನ ಹಾಗೆ ಒಂದು ಮಾತೂ ಆಡಲಿಲ್ಲ. ಹನ್ನೊಂದು ಜೋಡಿಗೂ ಹೊಸ ತೊಗಲು ನೆನೆಹಾಕಿದ.

ನನ್ನ ಮೊದಲ ಪೇಪರಿಗೆ ಒಂದೇ ದಿನ ಉಳಿದಿತ್ತು. ಎಂಟು ದಿನದಲ್ಲಿ ಅಷ್ಟು ಪಟ್ಟಿ ಕೈಯಿಂದ ಆಗಬೇಕಾದರೆ ನಾನು ಎದುರಿಗೆ ಕೂಡಲೇಬೇಕು. ಅವ್ವ ಒಲೆಯ ಮುಂದಿನಿಂದ, ಪರೀಕ್ಷೆ ಮತ್ತೊಮ್ಮೆ ಬರುತ್ತದೆ, ಹಬ್ಬ ಬರುವುದಿಲ್ಲ ಅಂದಳು. ಮರುದಿನ ಬೆಳಗಿನಲ್ಲಿ ನಾನು ಪುಸ್ತಕ ಗೂಡಿನಲ್ಲಿಟ್ಟು ಹಿತ್ತಲಿಗೆ ಹೋಗಿ ನನ್ನ ಜಾಗದಲ್ಲಿ ಕುಳಿತೆ. ಒಂದು ಸಲ ಬಿಟ್ಟರೆ ನಾನು ತಿರುಗಿ ಬರೆಯುವವಳಲ್ಲ ಎಂಬುದು ನನಗೆ ಗೊತ್ತಿತ್ತು, ಅಜ್ಜನಿಗೂ ಗೊತ್ತಿತ್ತು. ಅವನು ತೂತು ಕೊರೆದ. ನಾನು ಸೂಜಿಗಾಗಿ ಕೈ ಮುಂದೆ ಮಾಡಿದೆ. ಸೂಜಿ ಬರಲಿಲ್ಲ. ಅವನು ಇಕ್ಕಳವನ್ನು ತನ್ನ ಕಡೆ ಎಳೆದು ಎರಡೂ ಮೊಳಕಾಲಿನ ನಡುವೆ ಒತ್ತಿ ಹಿಡಿದ. ಬಲಗೈಗೆ ಒಂದು ಸೂಜಿ, ಎಡಗೈಗೆ ಒಂದು. ಎಡದ್ದು ಈ ಕಡೆ, ಬಲದ್ದು ಆ ಕಡೆ, ಎರಡೂ ಕೈ ಅಗಲಿಸಿ ಒಂದೇ ಜಗ್ಗು. ನಮ್ಮಿಬ್ಬರ ಕೈಯಲ್ಲಿ ಒಂದು ಹೊಲಿಗೆ ಬೀಳುವಷ್ಟರಲ್ಲಿ ಅವನೊಬ್ಬನ ಕೈಯಲ್ಲಿ ಮೂರು ಬಿದ್ದವು. ಒಂದೂ ಸೊಟ್ಟ ಇರಲಿಲ್ಲ.

ನಾನು ನೋಡುತ್ತ ಕುಳಿತುಬಿಟ್ಟೆ. ಅವನು ನನ್ನ ಕಡೆ ನೋಡಲಿಲ್ಲ. "ಏನ ನೋಡ್ತಿ? ಏಳು, ಬಸ್ಸ ತಪ್ಪತೈತಿ" ಅಂದ.

ಬಸ್ಸಿನ ತನಕ ಅಪ್ಪ ಜೊತೆಗೆ ಬಂದ. ಒಬ್ಬನೇ ಹೊಲಿಯಲು ಬರುತ್ತಿದ್ದರೆ ಇಷ್ಟು ವರ್ಷ ನನ್ನನ್ನೇಕೆ ಕೂಡಿಸಿಕೊಂಡ ಎಂದು ಕೇಳಿದೆ. ಅಪ್ಪ ರಸ್ತೆ ನೋಡುತ್ತ, "ನಿಮ್ಮ ಅಜ್ಜಿ ಹೋದಮ್ಯಾಲೆ ಆ ಜಾಗ ಖಾಲಿ ನೋಡೂದು ಅವಗ ಆಗಲಿಲ್ಲವಾ. ನನಗ ಗೊತ್ತಿತ್ತು. ನಾ ಹೆಂಗ ಎಬ್ಬಿಸಲಿ ನಿನ್ನ?" ಅಂದ. ಬಸ್ಸು ಬಂತು. ನವಲಗುಂದದವರೆಗೂ ಎರಡೂ ಬದಿಗೆ ಬಿತ್ತನೆಗೆ ಹದವಾದ ಕರಿನೆಲ, ನಡುನಡುವೆ ಒಂಟಿ ಬೇವಿನ ಮರ. ಓದಿದ್ದೆಲ್ಲ ಮರೆತುಹೋದಂತಿತ್ತು. ಆದರೂ ಬರೆದೆ. ಅಂದೂ ಬರೆದೆ, ಆಮೇಲಿನ ಪೇಪರುಗಳನ್ನೂ ಬರೆದೆ, ಉಳಿದ ಎರಡನ್ನೂ ಸೇರಿಸಿ ಪಾಸಾದೆ. ನಮ್ಮ ಓಣಿಯ ಮೊದಲ ಪದವೀಧರೆ ನಾನು, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಆ ದಿನದ ಮೇಲೆ ಅಜ್ಜ ನನ್ನನ್ನು ಎದುರಿಗೆ ಕರೆಯಲಿಲ್ಲ. ಒಂದೆರಡು ಸಲ ನಾನಾಗಿ ಹೋದರೆ, ಓದಿಕೋ ಹೋಗು ಅಂದ. ಅವನ ಹತ್ತಿರ ಹೇಳುತ್ತಿದ್ದ ಮಾತುಗಳನ್ನು ಆಮೇಲೆ ನಾನು ಬೇರೆ ಯಾರಿಗೂ ಹೇಳಲಿಲ್ಲ. ಹೇಳುವ ರೂಢಿಯೇ ತಪ್ಪಿಹೋಯಿತು.

ಪದವಿ ಪತ್ರ ಕೈಗೆ ಬಂದಾಗ ನಾನು ಧಾರವಾಡದಲ್ಲಿ ಬಿ.ಎಡ್. ಓದುತ್ತ ಹಾಸ್ಟೆಲಿನಲ್ಲಿದ್ದೆ. ಮರುದಿನವೇ ಮೊರಬಕ್ಕೆ ಬಂದೆ. ಅಜ್ಜ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದ. ಪತ್ರವನ್ನು ಅವನ ಕೈಗೆ ಕೊಟ್ಟೆ. ಧೋತರಕ್ಕೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದ. ನನ್ನ ಹೆಸರು ಎಲ್ಲಿದೆ ಎಂದು ಕೇಳಿದ. ಬೆರಳು ಹಿಡಿದು ತೋರಿಸಿದೆ. ಅವ್ವ ಸಕ್ಕರೆ ತರಲು ಒಳಗೆ ಓಡಿದಳು. ಸಂಜೆಯ ಬಸ್ಸಿಗೆ ನಾನು ತಿರುಗಿ ಹೋಗಬೇಕಿತ್ತು, ಅದನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ. ಅಜ್ಜ ಬಹಳ ಹೊತ್ತು ಆ ಹೆಸರನ್ನೇ ನೋಡಿದ. ಆಮೇಲೆ ತಲೆ ಎತ್ತಿ ಕೇಳಿದ: "ಈ ಸಲ ಎಷ್ಟ ದಿವಸ ಇರ್ತಿಯವಾ?"