ಕಾಪುವಿನ ಕಸೂತಿ ಮನೆಯ ಕಂಪ್ಯೂಟರ್

ಆ ಶುಕ್ರವಾರ ಬೆಳಿಗ್ಗೆ ಮಾಡಿದ ಕೆಲಸಗಳು ಇಷ್ಟು: ಇಡ್ಲಿ ಬೇಯಿಸಿದ್ದು, ಒಣಗದ ಬಟ್ಟೆಯನ್ನು ಮತ್ತೆ ಬಿಸಿಲಿಗೆ ಹಾಕಿದ್ದು, ಮಟ್ಟುವಿನಿಂದ ಬುಟ್ಟಿ ಹೊತ್ತು ಬರುವ ಹೆಂಗಸಿನ ಹತ್ತಿರ ನಾಲ್ಕು ಗುಳ್ಳಬದನೆ ಆರಿಸಿಕೊಂಡದ್ದು, ಸ್ಕೂಟರಿನ ಹಿಂದಿನ ಚಕ್ರಕ್ಕೆ ಗಾಳಿ ಹಾಕಿಸಿದ್ದು. ಆಮೇಲೆ ಸ್ಕ್ರೂಡ್ರೈವರ್‌ಗಳ ಡಬ್ಬ, ಎರಡು ಪೆನ್‌ಡ್ರೈವ್, ಧೂಳು ಹೊಡೆಯುವ ಬ್ರಷ್ ಚೀಲಕ್ಕೆ ತುಂಬಿ ಬನ್ನಂಜೆಯಿಂದ ಕಾಪುವಿಗೆ ಹೊರಟೆ. ಅದೇ ಮನೆಗೆ, ಅದೇ ಕಂಪ್ಯೂಟರಿಗೆ, ಸತತ ಮೂರನೆಯ ದಿನ.

ಮನೆ ಮನೆಗೆ ಹೋಗಿ ಕಂಪ್ಯೂಟರ್ ಸರಿ ಮಾಡುವುದು ನನ್ನ ಕೆಲಸ. ಮೊದಲು ಮಣಿಪಾಲದ ಒಂದು ಸರ್ವಿಸ್ ಅಂಗಡಿಯಲ್ಲಿದ್ದೆ, ಈಗ ಸ್ವಂತ. ಗಿರಾಕಿಗಳು 'ಕಂಪ್ಯೂಟರ್ ಅಕ್ಕ' ಎನ್ನುತ್ತಾರೆ. ನಾನು ಹೇಳುತ್ತಿರುವುದು ಕಳೆದ ವರ್ಷ ಮಳೆ ಬಿಟ್ಟ ಮೇಲಿನ ಮಾತು.

ಕಾಪುವಿನ ಆ ಮನೆ ಸಮುದ್ರಕ್ಕೆ ಬಹಳ ಹತ್ತಿರ. ಯಜಮಾನ ದುಬೈಯಲ್ಲಿ ಅಂಗಡಿ ಕೆಲಸದಲ್ಲಿದ್ದರು. ಮನೆಯಲ್ಲಿ ಅವರ ಹೆಂಡತಿ ನಫೀಸಾ, ಶಾಲೆಗೆ ಹೋಗುವ ಮಗಳು, ಮತ್ತು ಅತ್ತೆ. ನಫೀಸಾ ಅತ್ತೆಯನ್ನು ಮಾಮಿ ಎನ್ನುತ್ತಿದ್ದಳು, ನಾನೂ ಹಾಗೆಯೇ ಕರೆದೆ. ಮನೆಯೊಳಗೆ ಅವರದು ಬ್ಯಾರಿ ಭಾಷೆ. ಮಾಮಿ ನನ್ನ ಹತ್ತಿರ ತುಳುವಿನಲ್ಲೇ ಮಾತಾಡಿದ್ದು, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

ನಫೀಸಾಳದು ಕಸೂತಿ ಮೆಷಿನ್. ಬಿಡಿಸಿದ ಚಿತ್ರವನ್ನು ಹೊಲಿಗೆಯಾಗಿ ಬದಲಿಸಿ ಮೆಷಿನ್‌ಗೆ ಕೊಡುವುದು ಕಂಪ್ಯೂಟರ್. ಅದು ಏಳದಿದ್ದರೆ ಸೂಜಿಯೂ ಏಳುವುದಿಲ್ಲ. ಕಾರ್ಕಳದ ಒಂದು ಮದುಮಗಳ ಉಡುಪು ಅವಳ ಕೈಯಲ್ಲಿತ್ತು, ಭಾನುವಾರ ನಿಕಾಹ್. ಅಷ್ಟು ದೊಡ್ಡ ಕೆಲಸ ಅವಳಿಗೆ ಬಂದದ್ದು ಅದೇ ಮೊದಲು. ಇಡೀ ಶನಿವಾರ ಹೊಲಿದರೆ ಮಾತ್ರ ಮುಗಿಯುತ್ತಿತ್ತು. ಆ ವಾರದಲ್ಲೇ ಒಂದು ಮಧ್ಯಾಹ್ನ ಕಂಪ್ಯೂಟರ್ ತನ್ನಷ್ಟಕ್ಕೆ ಅಪ್‌ಡೇಟ್ ಆಗುತ್ತಿದ್ದಾಗ ಅರ್ಧಕ್ಕೆ ನಿಂತು, ಮತ್ತೆ ಏಳಲೇ ಇಲ್ಲ.

ಬುಧವಾರ ನೋಡಿದೆ. ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರಿನ ಉಳಿದೆಲ್ಲ ಕೆಲಸಗಳನ್ನು ನಡೆಸುವ ಮೂಲ ಸಾಫ್ಟ್‌ವೇರ್, ಕೆಟ್ಟಿತ್ತು. ಅವಳ ಡಿಸೈನ್‌ಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟು, ಪೆನ್‌ಡ್ರೈವ್‌ನಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಲು ಹಚ್ಚಿದೆ. ಹಳೆಯ ಹಾರ್ಡ್‌ಡಿಸ್ಕ್, ಹೊತ್ತು ಹಿಡಿಯುತ್ತದೆ. "ಇನ್ನು ಅದರಷ್ಟಕ್ಕೆ ಆಗ್ತದೆ, ಯಾರೂ ಮುಟ್ಟಬೇಡಿ" ಎಂದು ಹೇಳಿ ಬೇರೆ ಕಡೆಗೆ ಹೋದೆ. ಸಂಜೆ ಫೋನ್. ಕಂಪ್ಯೂಟರ್ ಆಫ್ ಆಗಿತ್ತಂತೆ. ಮುಗಿಯಿತೆಂದು ಆನ್ ಮಾಡಿದರೆ, ಅನಿರೀಕ್ಷಿತವಾಗಿ ರೀಸ್ಟಾರ್ಟ್ ಆದ ಕಾರಣ ಇನ್‌ಸ್ಟಾಲೇಶನ್ ಮುಂದುವರಿಸಲಾಗದು ಎಂಬ ಸಂದೇಶ.

ಗುರುವಾರ ಒಂದೊಂದಾಗಿ ಪರೀಕ್ಷಿಸಿದೆ. ಪೆನ್‌ಡ್ರೈವ್ ಬದಲಿಸಿದೆ. ರ‍್ಯಾಮ್ ಸರಿ, ಹಾರ್ಡ್‌ಡಿಸ್ಕ್ ಮುದಿಯಾದರೂ ಗಟ್ಟಿ. ಕರೆಂಟ್ ಹೋಗಿರಲಿಲ್ಲ, ಹೋದರೂ ಯುಪಿಎಸ್ ಇತ್ತು. ಬೆಳಗಿನ ಪರೀಕ್ಷೆಗಳಲ್ಲಿ ಒಮ್ಮೆಯೂ ನಿಲ್ಲದ ಕಂಪ್ಯೂಟರ್, ಎರಡನೆಯ ಸಲ ಇನ್‌ಸ್ಟಾಲ್ ಹಚ್ಚಿ ನಾನು ಅತ್ತ ಹೋದ ಮೇಲೆ ಮತ್ತೆ ನಿಂತಿತು.

"ನಿಜ ಹೇಳಿ, ಯಾರಾದರೂ ಮುಟ್ಟಿದ್ರಾ?" ಎಂದು ಶುಕ್ರವಾರ ಹೋದ ಕೂಡಲೇ ಕೇಳಿದೆ.

"ಅಲ್ಲಾಹನಾಣೆ ಇಲ್ಲ ಅಕ್ಕ" ಎಂದಳು ನಫೀಸಾ.

ಮಾಮಿ ಬಾಗಿಲಲ್ಲಿ ನಿಂತು ತಲೆಯ ಸೆರಗು ಸರಿಮಾಡಿಕೊಂಡರು. "ಅದರ ಸ್ವಿಚ್ಚು ಮುಟ್ಟಲಿಕ್ಕೇ ನನಗೆ ಹೆದರಿಕೆ. ಶಾಕ್ ಹೊಡೆದರೆ?"

"ಇವತ್ತು ಆಗದಿದ್ದರೆ ಬಟ್ಟೆ ವಾಪಸ್ ಕೊಡ್ತೇನೆ. ಕಾರ್ಕಳದವರಿಗೆ ಎಂತ ಹೇಳುವುದು?" ನಫೀಸಾ ಮೇಜಿನತ್ತ ಕೈ ತೋರಿಸಿದಳು. ಮೇಜಿನ ಮೇಲೆ ಮಡಚಿಟ್ಟ ದಂತಬಣ್ಣದ ರೇಶ್ಮೆಯಲ್ಲಿ ಒಂದು ತೋಳಿನ ಅಂಚು ಮಾತ್ರ ಮುಗಿದಿತ್ತು.

"ಇವತ್ತು ನಾನು ಏಳುವುದಿಲ್ಲ" ಎಂದು ಹೇಳಿ ಮೂರನೆಯ ಸಲ ಇನ್‌ಸ್ಟಾಲ್ ಶುರು ಮಾಡಿ ಅಲ್ಲೇ ಕುರ್ಚಿ ಹಾಕಿ ಕುಳಿತೆ. ನಫೀಸಾ ಚಹಾ ತಂದಿಟ್ಟು ಹೋಗುವಾಗ ಮಾನಿಟರಿನ ಸ್ವಿಚ್ ಆರಿಸಿದಳು. "ಕೆಳಗಿನ ಡಬ್ಬ ನಡೀತದಲ್ವಾ, ಇದು ಸುಮ್ಮನೆ ಯಾಕೆ ಉರೀಬೇಕು?" ಒಳ್ಳೆಯ ಅಭ್ಯಾಸವೇ. ಮೇಜಿನ ಕೆಳಗೆ ಸಿಪಿಯು ಗುಂಯ್ ಎನ್ನುತ್ತಿತ್ತು.

ಮಸೀದಿಯ ಮಧ್ಯಾಹ್ನದ ಬಾಂಗ್ ಕೂಗಿಗೆ ಸ್ವಲ್ಪ ಮೊದಲು ಮಣಿಪಾಲದ ಗಿರಾಕಿಯೊಬ್ಬರ ಕರೆ ಬಂತು. ಒಳಗೆ ಸಿಗ್ನಲ್ ಸಿಗದೆ ಚಾವಡಿಗೆ ಹೋದೆ. ಅವರಿಗೆ ಪ್ರಿಂಟರ್ ಪುರಾಣ ಹೇಳಿ ಮುಗಿಸಿ ಒಳಗೆ ಬಂದರೆ ಕೋಣೆ ಅರೆಗತ್ತಲು. ಪಡುವಣ ಕಿಟಕಿ ಮುಚ್ಚಿತ್ತು. ಕಸೂತಿ ಮೆಷಿನ್ ಮೇಲೆ ಒಂದು ಹೊದಿಕೆ. ಮೇಜಿನ ಕೆಳಗೆ ಸಿಪಿಯು ಇದ್ದಲ್ಲಿ ಒಂದು ಹೂದೋಟ! ಒಳಗೆ ಹತ್ತಿ ತುಂಬಿ, ಮೇಲೆ ಕೆಂಪು ಹೂ, ಹಸಿರು ಬಳ್ಳಿ ಕೈಯಲ್ಲೇ ಹೊಲಿದ ದಪ್ಪ ಕವಚ, ನೆಲದವರೆಗೆ. ಕೈ ತೂರಿಸಿ ನೋಡಿದೆ, ಹಂಡೆಯೊಲೆಯ ಬಾಯಿಯಂತೆ ಬಿಸಿ. ಸರ್ರನೆ ಎಳೆದು ತೆಗೆದೆ. ಕಂಪ್ಯೂಟರ್ ಇನ್ನೂ ಬದುಕಿತ್ತು.

"ಮಾಮೀ!"

ನಮಾಜಿಗೆ ಮೊದಲು ಕೈಕಾಲು ತೊಳೆಯುವ ವುಳೂ ಮಾಡಿ ಮುಖ ಒರೆಸಿಕೊಳ್ಳುತ್ತಾ ಮಾಮಿ ಬಂದರು. "ಎಂತ ಆಯ್ತು? ಹೊದೆಸಿದ್ದು ನಾನೇ. ಗಾಳಿ ಕಡಲ ಕಡೆಯಿಂದ ತಿರುಗುವ ಹೊತ್ತಲ್ವಾ, ಉಪ್ಪು ಬರ್ತದೆ. ದಿನಾ ಹೊದೆಸ್ತೇನೆ. ಸಂಜೆ ಅಸರ್ ನಮಾಜಾದ ಮೇಲೆ ತೆಗೀತೇನೆ."

ನನಗೆ ನಗು ಬಂತು. ಪ್ರೊಸೆಸರ್ ಮಿತಿಮೀರಿ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ಆಫ್ ಆಗುತ್ತದೆ. ಇನ್‌ಸ್ಟಾಲ್ ಮಾಡುವಾಗ ಅದು ಬಿಡುವಿಲ್ಲದೆ ದುಡಿಯುತ್ತದೆ, ಇದರ ಫ್ಯಾನೂ ಹಳೆಯದು. ಬೇರೆ ದಿನ ಆ ಹೊತ್ತಿಗೆ ಕಂಪ್ಯೂಟರ್ ಆಫ್ ಆಗಿರುತ್ತಿತ್ತು, ನಫೀಸಾ ಎದುರಿಗೆ ಕುಳಿತಿದ್ದರೆ ಮಾಮಿ ಹೊದೆಸುತ್ತಿರಲಿಲ್ಲ. ಯಾರೂ ಇಲ್ಲದೆ ಪರದೆ ಕಪ್ಪಗಿದ್ದರೆ ಮಲಗಿದೆ ಎಂದೇ ಅವರ ಲೆಕ್ಕ. ಮೊದಲು ಅಪ್‌ಡೇಟ್ ನಿಂತದ್ದೂ ಹೀಗೆಯೇ.

ಅಡುಗೆಮನೆಯಿಂದ ಓಡಿ ಬಂದ ನಫೀಸಾಳಿಗೆ ನಗು ಬರಲಿಲ್ಲ. "ಮಾಮಿ, ಮೂರು ದಿನದಿಂದ ನಾನು ಅಳ್ತಾ ಇದ್ದೇನೆ! ಅಕ್ಕ ಕೇಳಿದಾಗ ಹೇಳಲಿಕ್ಕೆ ಆಗಲಿಲ್ವಾ?"

"ಮುಟ್ಟಿದ್ರಾ ಅಂತ ಕೇಳಿದ್ದು. ನಾನು ಸ್ವಿಚ್ಚು ಗಿಚ್ಚು ಮುಟ್ಟಲಿಲ್ಲ" ಎಂದರು ಮಾಮಿ. ಆಮೇಲೆ ಮೆಲ್ಲಗೆ, "ನಿನ್ನ ಮೆಷಿನ್ ಹಾಳಾಗಬಾರದು ಅಂತ ಮಾಡಿದ್ದು. ಆ ಹೊದಿಕೆಗೆ ಒಂದು ರಂಜಾನ್ ಪೂರ್ತಿ ಹೊಲಿದಿದ್ದೇನೆ" ಎಂದು ಕವಚ ಎತ್ತಿಕೊಂಡು ಮಡಚತೊಡಗಿದರು. ಮಡಿಕೆ ಸರಿ ಬರಲಿಲ್ಲ. ಬಿಚ್ಚಿ ಮತ್ತೆ ಮಡಚಿದರು.

ಆ ಹೊತ್ತಿಗೆ ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸರಿ ಎನಿಸಿತು. ಇನ್‌ಸ್ಟಾಲ್ ನಿಲ್ಲಿಸಿ, ಪ್ಲಗ್ ತೆಗೆದು, ಪಕ್ಕದ ತಗಡು ಬಿಚ್ಚಿ ಇಬ್ಬರನ್ನೂ ಹತ್ತಿರ ಕರೆದೆ. ಕಡಲ ಬದಿಯ ಮನೆಗಳಲ್ಲಿ ಇಷ್ಟು ಹಳೆಯ ಕಂಪ್ಯೂಟರ್ ಬಿಚ್ಚಿದರೆ ಸ್ಕ್ರೂಗಳು ತುಕ್ಕು ಹಿಡಿದು ಮುರಿಯುತ್ತವೆ, ಬೋರ್ಡಿನ ಮೇಲೆ ಹಸಿರು ಕಲೆ ಕೂತಿರುತ್ತದೆ. ಇದರೊಳಗೆ ಧೂಳು ಇತ್ತು, ತುಕ್ಕು ಇರಲಿಲ್ಲ. ಸ್ಕ್ರೂಗಳು ಮಿನುಗುತ್ತಿದ್ದವು.

"ನೋಡು ನಫೀಸಾ. ಈ ಊರಿನಲ್ಲಿ ನಾನು ಇಂಥದ್ದು ನೋಡಲಿಲ್ಲ. ಮಾಮಿ ಹೊದೆಸದಿದ್ದರೆ ಇದು ಯಾವತ್ತೋ ಗುಜರಿಗೆ ಹೋಗ್ತಿತ್ತು."

ನಫೀಸಾ ಬಗ್ಗಿ ನೋಡಿದಳು. ಆಮೇಲೆ ಮಾಮಿಯ ಕೈಯಿಂದ ಹೊದಿಕೆ ತೆಗೆದುಕೊಂಡು ತಾನೇ ಮಡಚಿದಳು. "ಕಂಪ್ಯೂಟರಿಗೆ ಇಷ್ಟು ಚಂದದ್ದು. ನನಗೆ ಮಾತ್ರ ಒಂದು ದಿಂಬಿನ ಕವರೂ ಇಲ್ಲ!"

"ನೀನು ತುಕ್ಕು ಹಿಡಿಯುವವಳಲ್ಲ ಮಾರಾಯ್ತಿ" ಎಂದರು ಮಾಮಿ.

ಫ್ಯಾನಿನ ಧೂಳು ಹೊಡೆದು ನಾಲ್ಕನೆಯ ಸಲ ಹಚ್ಚಿದೆ. ನಮಾಜು ಮುಗಿಸಿದ ಮಾಮಿ ನನ್ನ ಪಕ್ಕದಲ್ಲೇ ಕುಳಿತು ಪರದೆಯ ಅಂಕಿ ಏರುವುದನ್ನು ಕಾದರು. "ಕೂತಲ್ಲೇ ಇದಕ್ಕೆ ಬೆವರುವಷ್ಟು ಕೆಲಸ ಎಂತ ಉಂಟು?" ಎಂದು ಕೇಳಿದರು. ಹಿಂದೆ ನಿಲ್ಲುತ್ತಿದ್ದ ಜಾಗ ದಾಟಿತು. ಸಂಜೆಯ ಹೊತ್ತಿಗೆ ಸಿಸ್ಟಮ್, ಆಮೇಲೆ ಕಸೂತಿ ಸಾಫ್ಟ್‌ವೇರ್, ಆಮೇಲೆ ಡಿಸೈನ್‌ಗಳು ಎಲ್ಲ ಕೂತವು. ನಾನು ಚೀಲ ಕಟ್ಟುವಾಗ ಸೂಜಿ ಟಕಟಕ ಓಡುತ್ತಿತ್ತು. ಸಿಪಿಯುವಿನ ಹಸಿರು ದೀಪ ತೋರಿಸಿ ಮಾಮಿಗೆ ಹೇಳಿದೆ, "ಇದು ಆರಿದ ಮೇಲೆ ಹೊದೆಸಿ. ಖಂಡಿತ ಹೊದೆಸಿ."

ಭಾನುವಾರ ಕಾರ್ಕಳದಿಂದ ಮದುಮಗಳ ಫೋಟೋ ಬಂತು. ಎರಡು ತೋಳಿಗೂ ಕಸೂತಿ ಇತ್ತು.

ಆಮೇಲಿಂದ ನಾನು ಗಿರಾಕಿಗಳನ್ನು 'ಯಾರು ಮುಟ್ಟಿದ್ದು, ಎಂತ ಮಾಡಿದ್ದು' ಎಂದು ಕೇಳುವುದಿಲ್ಲ. 'ಬೆಳಿಗ್ಗೆಯಿಂದ ರಾತ್ರಿವರೆಗೆ ಈ ಕೋಣೆಯಲ್ಲಿ ದಿನಾ ಎಂತೆಲ್ಲ ಆಗ್ತದೆ, ಹೇಳಿ' ಎನ್ನುತ್ತೇನೆ. ದಿನಾ ಮಾಡುವ ಕೆಲಸ ಮಾಡುವವರಿಗೂ ಕಾಣುವುದಿಲ್ಲ, ಮನೆಯವರಿಗೂ ಕಾಣುವುದಿಲ್ಲ. ಹೊರಗಿನಿಂದ ಬಂದವಳು ಕುರ್ಚಿ ಹಾಕಿ ಕೂರಬೇಕು.

ಆ ಶುಕ್ರವಾರ ಮಾಮಿ ಕಟ್ಟಿಕೊಟ್ಟ ಅಕ್ಕಿರೊಟ್ಟಿ, ಬಂಗುಡೆ ಮೀನಿನ ಸಾರು ಮನೆಗೆ ತಂದೆ. ಮಣಿಪಾಲದ ಕ್ಯಾಂಟೀನಿನಲ್ಲಿ ದುಡಿಯುವ ನನ್ನ ಗಂಡ ಬೇಗ ಬಂದು ಗುಳ್ಳದ ಪಲ್ಯ ಮಾಡಿಟ್ಟಿದ್ದರು. ರೊಟ್ಟಿಗೆ ಎರಡನ್ನೂ ಹಾಕಿಕೊಂಡು ಉಂಡೆವು. ಪಾತ್ರೆ ತೊಳೆದು ಬರುವಷ್ಟರಲ್ಲಿ ಅವರು ಮಲಗಿ ಗೊರಕೆ. ಅಭ್ಯಾಸದಂತೆ ಹೊದೆಸಲು ಹೋದವಳು ಹಣೆ ಮುಟ್ಟಿ ನೋಡಿದೆ. ಬೆವರು. ಹೊದಿಕೆ ಕಾಲ ಬದಿಗಿಟ್ಟು, ಫ್ಯಾನ್ ಒಂದು ಅಂಕೆ ಏರಿಸಿ, ನಾನೂ ಮಲಗಿದೆ.