ವಾದಿಯ ದಂಡೆಯಲ್ಲಿ ದೊಡ್ಡಮ್ಮ

ದೊಡ್ಡಮ್ಮನ ಎಡಗೈ ಬಲಗೈಗಿಂತ ಎರಡು ಪಟ್ಟು ಕಪ್ಪು. ಈ ಅರಬ್ ದೇಶದಲ್ಲಿ ಸ್ಟಿಯರಿಂಗ್ ಎಡಕ್ಕೆ; ಕಿಟಕಿಯ ಬಿಸಿಲೆಲ್ಲ ಆ ಕೈಯ ಪಾಲು. ಹೆಂಗಸರು ಕಾರು ಓಡಿಸಬಹುದೆಂದಾದ ಮೊದಲ ವರ್ಷವೇ ಲೈಸೆನ್ಸ್ ಮಾಡಿಸಿ, ಹಳೆಯ ಜೀಪೊಂದನ್ನು ಕೊಂಡವರು ಅವರು. ಆಗಲೇ ಐವತ್ತರ ಹತ್ತಿರ.

ಅವರು ನನ್ನ ಅಮ್ಮನ ಅಕ್ಕ. ಮದುವೆಯಾಗಲಿಲ್ಲ. ಉತ್ತರದ ತುದಿಯ ತಬೂಕಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ನರ್ಸ್. ನಮ್ಮ ಮನೆ ಥುಕ್ಬಾದಲ್ಲಿ, ದೇಶದ ಇನ್ನೊಂದು ಅಂಚಿನಲ್ಲಿ. ಚಳಿಗಾಲದ ರಜೆಗೆ ದಾರಿಯ ನಡುವಿನ ಬುರೈದಾದಲ್ಲಿ ಒಂದು ರಾತ್ರಿ ತಂಗಿ ಅವರಲ್ಲಿಗೆ ಹೋಗುವುದು ವಾಡಿಕೆ. ನನ್ನ ಡೈರಿಯ ಲೆಕ್ಕದಲ್ಲಿ ಈವರೆಗೆ ಆರು ಸಲ ಹೋಗಿದ್ದೇವೆ. ಬೆಟ್ಟದ ಮೇಲೆ ಹಿಮ ಸಿಕ್ಕಿದ್ದು ಒಂದು ಸಲ, ಜೀಪು ಮರಳಲ್ಲಿ ಹೂತುಹೋದದ್ದು ಮೂರು ಸಲ. ಮೂರು ಸಲವೂ ಓಡಿಸುತ್ತಿದ್ದವರು ಅಪ್ಪ.

ಎಲ್ಲಿಗೆ ಹೊರಟರೂ ದೊಡ್ಡಮ್ಮನ ಜೊತೆಗೆ ಕಾವಲಿ ಮತ್ತು ನೀರುದೋಸೆಯ ಹಿಟ್ಟು ಇರಲೇಬೇಕು. ಅಲ್ಲಿನ ಚಳಿಗೆ ಬೇರೆ ಯಾವ ಹಿಟ್ಟೂ ಹುಳಿಯಾಗುವುದಿಲ್ಲ, ಇದಕ್ಕೆ ಹುಳಿಯಾಗುವ ಅಗತ್ಯವೇ ಇಲ್ಲ ಎನ್ನುತ್ತಿದ್ದರು. ಗಾಳಿಗೆ ಜೀಪನ್ನು ಅಡ್ಡ ನಿಲ್ಲಿಸಿ, ಕೈಗವಸು ಹಾಕಿಕೊಂಡೇ ದೋಸೆ ಮಡಚುವರು. "ಮೊದಲು ಹೊರಡುವ ದಾರಿ ನೋಡು, ಆಮೇಲೆ ಕೂರುವ ಜಾಗ ನೋಡು" ಎಂಬುದು ಅವರ ನಿಯಮ.

ನಾಲ್ಕನೆಯ ಸಲ ಹೋದಾಗ ಊರಿನಿಂದ ಅಜ್ಜಿ ವಿಸಿಟ್ ವೀಸಾದಲ್ಲಿ ಬಂದಿದ್ದರು. ನೋಡುವುದು ನೆಪ, ದೊಡ್ಡ ಮಗಳನ್ನು ಕರೆದುಕೊಂಡು ಹೋಗಲು ಬಂದವರು. ಪ್ರತಿ ಊಟಕ್ಕೂ ಅದೇ ಮಾತು. "ಒಂಟಿ ಹೆಂಗಸು, ಈ ಕಾಡುಚಳಿಯಲ್ಲಿ. ಸಾಕು ಮಗಾ, ಊರಿಗೆ ಬಾ."

"ನೋಡುವ, ಅಮ್ಮ" ಎಂದು ದೊಡ್ಡಮ್ಮ ಸಾರು ಬಡಿಸುವರು.

ಅಮ್ಮ ನನಗೆ ಅಡಿಗೆಮನೆಯಲ್ಲಿ ಹೇಳಿದಳು: "ಅಕ್ಕ ಅಜ್ಜಿಯ ಮಾತು ಮೀರಿದವಳಲ್ಲ. ಹೋಗುವ ದಿನವೂ ಅಜ್ಜಿ ಹಟ ಹಿಡಿದರೆ ಇವಳು ರಾಜೀನಾಮೆ ಕೊಡ್ತಾಳೆ, ನೋಡು."

ಅಜ್ಜಿ ಹೊರಡುವ ಹಿಂದಿನ ದಿನ ಎಲ್ಲರೂ ಊಟ ಕಟ್ಟಿಕೊಂಡು ಕೆಂಪು ಬಂಡೆಗಳ ನಡುವಿನ ಒಂದು ವಾದಿಗೆ ಹೋದೆವು. ವಾದಿಯೆಂದರೆ ಒಣಗಿದ ಹೊಳೆ. ನಡುವಿನಲ್ಲಿ ಮೆತ್ತಗಿನ ಮರಳು, ಪಕ್ಕದಲ್ಲಿ ಈಚಲ ನೆರಳು. ಮಲ್ಪೆಯ ಕಡಲತೀರ ಕಂಡಷ್ಟು ಖುಷಿಯಾಗಿ ಅಪ್ಪ ಅಲ್ಲೇ ಚಾಪೆ ಹಾಸಿದರು. ದೊಡ್ಡಮ್ಮ ಇಳಿದು ದೂರದ ಬೆಟ್ಟಗಳ ಕಡೆ ನೋಡಿದರು. ಅಲ್ಲಿ ಮಾತ್ರ ಕಪ್ಪಾಗಿತ್ತು. ನಮ್ಮ ತಲೆಯ ಮೇಲೆ ಒಳ್ಳೆ ಬಿಸಿಲು.

"ಇಲ್ಲಿ ಬೇಡ. ಮೇಲೆ ಬಂಡೆಯ ಮೇಲೆ ಕೂರುವ."

"ಎಂತ ಅಕ್ಕ, ಉಡುಪಿಯವರಿಗೆ ಮಳೆ ತೋರಿಸಿ ಹೆದರಿಸ್ತೀರಾ?" ಅಪ್ಪ ನಕ್ಕರು.

"ಉಡುಪಿಯ ಮಳೆ ಹೇಳಿ ಬರ್ತದೆ ಮಾರಾಯ. ಇಲ್ಲಿ ಮಳೆ ಎಲ್ಲೋ ಬರುವುದು, ನೀರು ಇಲ್ಲಿಗೆ ಬರುವುದು."

ಅಜ್ಜಿಯೂ ಅಳಿಯನ ಪಕ್ಷ. "ಒಣ ಹೊಳೆಗೆ ಹೆದರುವವರನ್ನು ಇವತ್ತೇ ನೋಡಿದ್ದು. ನನಗೆ ಹಸಿವಾಗ್ತದೆ."

ದೊಡ್ಡಮ್ಮ ವಾದಕ್ಕೆ ನಿಲ್ಲಲಿಲ್ಲ. ತಟ್ಟೆಗಳಿದ್ದ ಹಾಗೆಯೇ ಚಾಪೆಯ ಎರಡು ತುದಿ ಹಿಡಿದು ಎತ್ತಿದರು. "ಮೊದಲು ಮೇಲೆ ಹೋಗುವ, ಅಮ್ಮ. ಬೈಯುವುದಾದರೆ ಅಲ್ಲಿ ಕೂತು ಬೈಯಿ." ಅಜ್ಜಿಯನ್ನು ಜೀಪಿನಲ್ಲಿ ಕೂರಿಸಿ ದಂಡೆಯ ಮೇಲಕ್ಕೆ ಓಡಿಸಿದರು. ತಾಯಿಯ ಮಾತು ಮೀರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಪ್ಪ ಗೊಣಗುತ್ತ ಹಿಂದೆ ಬಂದರು. ನೀರಿನ ಡಬ್ಬ ಭಾರವೆಂದು ಕೆಳಗೇ ಬಿಟ್ಟರು.

ಊಟ ಮುಗಿದಿರಲಿಲ್ಲ. ಲಾರಿಗಳು ಸಾಲಾಗಿ ಬಂದಂಥ ಸದ್ದು. ತಿರುವಿನಲ್ಲಿ ಕಂದು ಬಣ್ಣದ ನೀರು, ಮುಂದೆ ನೊರೆ, ನೊರೆಯಲ್ಲಿ ಈಚಲ ಗರಿಗಳು. ನಾವು ಚಾಪೆ ಹಾಸಿದ್ದ ಮರಳು ನೋಡುತ್ತಿದ್ದಂತೆ ಕಾಣದಾಯಿತು. ನೀಲಿ ಡಬ್ಬ ಒಮ್ಮೆ ಮಗುಚಿ ತೇಲಿ ಹೋಯಿತು. ಒಂದು ಹನಿ ಮಳೆಯಿಲ್ಲ.

ಅಪ್ಪ ಬಂಡೆಯ ಅಂಚಿನಿಂದ ಹಿಂದೆ ಸರಿದು, "ಅಕ್ಕ, ಚಾ ಉಂಟಾ?" ಎಂದರು.

ದೊಡ್ಡಮ್ಮ ಫ್ಲಾಸ್ಕ್ ತೆರೆದು ಎಲ್ಲರಿಗೂ ಕೊಟ್ಟರು. ತಾವು ಕುಡಿಯಲಿಲ್ಲ. ಇಲ್ಲಿಗೆ ಬಂದ ಮೊದಲ ವರ್ಷ, ಹೀಗೆಯೇ ಬಿಸಿಲಿದ್ದಾಗ ವಾದಿಯ ಮರಳಲ್ಲಿ ಊಟಕ್ಕೆ ಕೂತಿದ್ದ ಒಂದು ಮನೆಯವರನ್ನು ತಮ್ಮ ವಾರ್ಡಿಗೆ ತಂದಿದ್ದರಂತೆ. "ತಾಯಿ ಒಬ್ಬಳೇ ಉಳಿದಳು" ಎಂದಷ್ಟೇ ಹೇಳಿದರು.

ಹಿಂದಿರುಗುವಾಗ ಅಜ್ಜಿ ಮುಂದಿನ ಸೀಟಿನಲ್ಲಿದ್ದರು. ಪಟ್ಟಣದ ದೀಪ ಕಾಣತೊಡಗಿತು. ಆಮೇಲೆ, ಯಾರನ್ನೂ ನೋಡದೆ ಹೇಳಿದರು:

"ಊರಲ್ಲಿ ನನಗೆ ಪಂಪಿನ ಸ್ವಿಚ್ ಹಾಕಲಿಕ್ಕೂ ನಿನ್ನ ತಮ್ಮನ ಅಪ್ಪಣೆ ಬೇಕು. ಅಲ್ಲಿಗೆ ಬಂದರೆ ನಿನ್ನ ಮಾತು ಕೇಳುವವರು ಯಾರು? ನೀನು ಇಲ್ಲೇ ಇರು ಮಗಾ."

ದೊಡ್ಡಮ್ಮ ಜೀಪನ್ನು ರಸ್ತೆಯ ಬದಿಗೆ ನಿಲ್ಲಿಸಿ, ಕನ್ನಡಕ ತೆಗೆದು ಶಾಲಿನ ತುದಿಯಿಂದ ಒರೆಸಿಕೊಂಡು, ಮತ್ತೆ ಹೊರಟರು.

ಅವರು ಈಗಲೂ ತಬೂಕಿನಲ್ಲೇ ಇದ್ದಾರೆ. ಈ ವರ್ಷ ನನಗೆ ಅಲ್ ಖರ್ಜಿನ ಹಾಲಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಹುಡುಗಿ ಅಷ್ಟು ದೂರ ಒಬ್ಬಳೇ ಹೇಗೆ ಇರುತ್ತಾಳೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಆ ಪ್ರಶ್ನೆಯನ್ನು ನನ್ನ ಪಾಲಿನದ್ದೂ ಸೇರಿಸಿ ದೊಡ್ಡಮ್ಮ ಇಪ್ಪತ್ತು ವರ್ಷ ಕೇಳಿಸಿಕೊಂಡಿದ್ದರು.