ಹಿಮದ ಬೆಟ್ಟಕ್ಕೆ ಹೊರಟವರನ್ನು ಕೇಳಬೇಕಾದ ಮಾತು

ವಾಲ್‌ನಟ್ ಎಂಬ ಊರಿನ ನಮ್ಮ ಮನೆಯ ಹಿತ್ತಲಲ್ಲಿ ಹಪ್ಪಳ ಒಣಹಾಕಿ, ಬೆವರು ಒರೆಸಿಕೊಂಡು ತಲೆ ಎತ್ತಿದರೆ ಎದುರಿಗೆ ಹಿಮದ ಬೆಟ್ಟ! ಲಾಸ್ ಏಂಜಲೀಸ್ ಸೀಮೆಗೆ ಬಂದ ಮೊದಲ ಚಳಿಗಾಲದಲ್ಲಿ ನನಗೆ ನನ್ನ ಕಣ್ಣ ಮೇಲೆಯೇ ನಂಬಿಕೆ ಹೋಗಿತ್ತು. ನಮ್ಮ ತುಮಕೂರಿನಲ್ಲಿ ಬಿಸಿಲೆಂದರೆ ಬಿಸಿಲು, ಚಳಿಯೆಂದರೆ ಚಳಿ. ಇಲ್ಲಿ ಎರಡೂ ಒಂದೇ ಕಿಟಕಿಯಲ್ಲಿ ಕಾಣುತ್ತವೆ. ಯಾರೋ ಫ್ರಿಜ್ಜಿನ ಬಾಗಿಲು ಮುಚ್ಚಲು ಮರೆತಿದ್ದಾರೆ ಅನ್ನಿಸುತ್ತಿತ್ತು.

ನೋಡುವುದಕ್ಕಷ್ಟೇ ಆಗಿದ್ದರೆ ಚೆನ್ನಾಗಿತ್ತು. ನನ್ನ ಗಂಡ ಸುಧಾಕರ ಉಡುಪಿ ಕಡೆಯವರು, ಬರ್ಬ್ಯಾಂಕಿನ ಸ್ಟುಡಿಯೋ ಒಂದರಲ್ಲಿ ಸೌಂಡ್ ಎಡಿಟರ್. ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತು ಕೂತು ಬೇಸತ್ತು ಬೆಟ್ಟದ ಹುಚ್ಚು ಹಿಡಿಸಿಕೊಂಡರು. ಅದೂ ಎಲ್ಲರಂತೆ ಟಿಕೆಟ್ ತೆಗೆದು ಲಿಫ್ಟಿನಲ್ಲಿ ಹತ್ತುವ ಜಾಗವಲ್ಲ, ಬ್ಯಾಕ್‌ಕಂಟ್ರಿ. ಅಂದರೆ ಅಂಗಡಿ, ಕಾವಲು, ಹಗ್ಗ ಯಾವುದೂ ಇಲ್ಲದ ಬೆಟ್ಟದ ಒಡಲು. ಸಹೋದ್ಯೋಗಿ ಟಾಮ್ ಜೊತೆ ಸ್ಕೀ ಹೊತ್ತು ಹತ್ತುವುದು, ಜಾರಿಕೊಂಡು ಇಳಿಯುವುದು.

"ಕಡಲ ಮಗ್ಗುಲಲ್ಲಿ ಹುಟ್ಟಿದವರಿಗೆ ಇದೇನು ಬುದ್ಧಿ ಬಂತು ರೀ?" ಎಂದರೆ, "ಕಡಲಿಗಿಂತ ಇದು ವಾಸಿ ಮಾರಾಯ್ತಿ. ಅಡಿಯಲ್ಲಿ ಎಂತ ಉಂಟು ಅಂತ ಗೊತ್ತಾಗ್ತದೆ" ಎನ್ನುತ್ತಿದ್ದರು.

ಗೊತ್ತಾಗುವುದಿಲ್ಲ ಎಂದು ಹೈಸ್ಕೂಲಿನಲ್ಲಿದ್ದ ಮಗಳು ಅನಘಾ ಆಮೇಲೆ ತಿಳಿಸಿಕೊಟ್ಟಳು. ಹಳೆಯ ಹಿಮ ಗಟ್ಟಿಯಾಗಿ ನುಣುಪಾಗಿರುತ್ತದೆ. ಅದರ ಮೇಲೆ ಗಾಳಿ ಹೊಸ ಹಿಮವನ್ನು ತಂದು ಪೇರಿಸುತ್ತದೆ. ಎರಡಕ್ಕೂ ಅಂಟಿಲ್ಲ. ಒಬ್ಬ ಮನುಷ್ಯ ಕಾಲಿಟ್ಟರೂ ಸಾಕು, ತುಪ್ಪ ಸವರಿದ ತಟ್ಟೆಯಿಂದ ಕೊಬ್ಬರಿ ಮಿಠಾಯಿ ಇಡಿಯಾಗಿ ಜಾರುವಂತೆ ಇಳಿಜಾರಿನ ಹಿಮವೆಲ್ಲ ಕಿತ್ತುಕೊಂಡು ಬರಬಹುದು. ಇವರು ಅವಲಾಂಚ್ ಎನ್ನುವುದು ಈ ಹಿಮಕುಸಿತಕ್ಕೇ.

ಬಿರುಗಾಳಿ, ಮಳೆ, ಹಿಮ ಮೂರೂ ಒಟ್ಟಿಗೆ ಬಂದು ಹೋದ ವಾರದ ಶನಿವಾರ ಅದು. ಬೆಳಿಗ್ಗೆ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟೆ. "ಬೆಟ್ಟಕ್ಕೆ ಹೋಗಿ ಬರ್ತೇನೆ" ಎಂದರು. "ಹ್ಞೂಂ, ಹುಷಾರು" ಎಂದೆ. ಮುಂದೆ ಕೇಳಲಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ, ಎದೆಹಾಲಿನ ಜೊತೆ ಬಂದದ್ದು. ಅವರಿಗೂ ಅಷ್ಟೇ.

ಬೇರೆ ದಿನ ಮಧ್ಯಾಹ್ನಕ್ಕೆಲ್ಲ ಬಂದುಬಿಡುವವರು ಅವತ್ತು ಸಂಜೆಯಾದರೂ ಬರಲಿಲ್ಲ. ಫೋನ್ ಸಿಗುತ್ತಿಲ್ಲ. ಅನಘಾ ಹಿಮದ ಮುನ್ಸೂಚನೆ ತೆಗೆದು ನೋಡಿ ಮುಖ ಸಣ್ಣ ಮಾಡಿಕೊಂಡಳು. ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳೆಲ್ಲ ಅಪಾಯ ಎಂದಿತ್ತಂತೆ.

"ಅಮ್ಮ, ವೇರ್ ಎಕ್ಸಾಕ್ಟ್ಲಿ ಡಿಡ್ ಹಿ ಗೋ?"

"ಬೆಟ್ಟಕ್ಕೆ ಕಣೇ."

"ವಿಚ್ ಬೆಟ್ಟ?"

ರಕ್ಷಣಾ ತಂಡಕ್ಕೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಸಮಾಧಾನದಿಂದಲೇ ಕೇಳಿದಳು: ಕಾರು ಎಲ್ಲಿ ನಿಲ್ಲಿಸಿದ್ದಾರೆ? ಯಾವ ಕಣಿವೆ? ಎಷ್ಟು ಹೊತ್ತಿಗೆ ಬರುತ್ತೇವೆ ಎಂದಿದ್ದರು? ನನಗೆ ಅವರ ಡಬ್ಬಿಯಲ್ಲಿ ಎಷ್ಟು ಚಪಾತಿ ಇದೆ ಎಂಬುದು ಗೊತ್ತಿತ್ತು, ಅವರು ಯಾವ ಬೆಟ್ಟದಲ್ಲಿದ್ದಾರೆ ಎಂಬುದು ಗೊತ್ತಿರಲಿಲ್ಲ. ಕಿಟಕಿಯ ತುಂಬ ಬೆಟ್ಟಗಳೇ ಇದ್ದವು. ಅಷ್ಟು ಭಯ ನಾನು ಈ ದೇಶದಲ್ಲಿ ಇನ್ನೆಂದೂ ಪಟ್ಟಿಲ್ಲ.

ನಾನಿನ್ನೂ ತಡವರಿಸುತ್ತಿರುವಾಗಲೇ ಡ್ರೈವ್‌ವೇಯಲ್ಲಿ ಕಾರಿನ ಸದ್ದಾಯಿತು.

ಬಂದವರು ಹೆಗಲ ಮೇಲಿದ್ದ ಸ್ಕೀ ಇಳಿಸುವ ಮೊದಲೇ ಅವರ ತೋಳು ಹಿಡಿದುಕೊಂಡು ಅತ್ತೆ, ಬೈದೆ, ಮತ್ತೆ ಅತ್ತೆ. ಇಳಿಯಲು ಹೊರಟ ಜಾಗದಲ್ಲಿ ಹಿಮದ ಅಡಿಯಿಂದ 'ವೂಂಫ್' ಎಂದು ಸದ್ದು ಬಂತಂತೆ, ಕಾಲ ಬುಡದಿಂದ ಬಿರುಕು ಓಡಿತಂತೆ. ದಿನವಿಡೀ ಸದ್ದನ್ನೇ ಕೇಳುವ ಕಿವಿ ಅದು. ಇಬ್ಬರೂ ತಿರುಗಿ, ಇಳಿಜಾರು ಬಿಟ್ಟು ಬೆಟ್ಟದ ಏಣು ಹಿಡಿದು, ದೂರದ ಬಳಸುದಾರಿಯಲ್ಲಿ ಇಳಿದು ಬಂದಿದ್ದರು.

"ಎಲ್ಲಿಗೆ ಅಂತ ಒಂದು ಮಾತು ಹೇಳಿ ಹೋಗಬಾರದಾ?"

"ನೀನು ಕೇಳಲೇ ಇಲ್ಲವಲ್ಲ."

"ಹೊರಟವರನ್ನ ಯಾರಾದರೂ ಕೇಳ್ತಾರೇನ್ರೀ?"

ಅನಘಾ ನಮ್ಮಿಬ್ಬರನ್ನೂ ಹುಚ್ಚರಂತೆ ನೋಡಿದಳು. ಅವರು ಮೊದಲು ನಕ್ಕರು, ನನಗೂ ತಡೆಯಲಾಗಲಿಲ್ಲ. ಆ ರಾತ್ರಿಯ ತಿಳಿಸಾರು ಅನ್ನ ಎಷ್ಟು ರುಚಿಯಾಗಿತ್ತೆಂದರೆ, ಉಪ್ಪು ಹಾಕಲು ಮರೆತದ್ದೇ ಯಾರಿಗೂ ತಿಳಿಯಲಿಲ್ಲ.

ಈಗ ನಾನು ಕೇಳುತ್ತೇನೆ. ಯಾವ ಕಣಿವೆ, ಯಾವ ಮುಖದ ಇಳಿಜಾರು, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಪೊಲೀಸರಂತೆ ಕೇಳುತ್ತೇನೆ. ಈ ಊರಿನಲ್ಲಿ ಕೇಳುವುದೇ ಕ್ಷೇಮ. ಆದರೆ ಕೇಳಿದ ಮೇಲೆ ನನ್ನೊಳಗಿನ ತುಮಕೂರು ಸುಮ್ಮನಿರಬೇಕಲ್ಲ. ಅಡ್ಡಮಾತಿಗೆ ನಮ್ಮಲ್ಲಿ ಪರಿಹಾರವಿದೆ: ಹೊರಟವರು ಒಂದು ಗಳಿಗೆ ಕೂತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ಹಾಗಾಗಿ ಬೂಟು ಹಾಕಿ ನಿಂತವರನ್ನು ಕೂರಿಸುತ್ತೇನೆ. ಪಾಪ, ಟಾಮ್ ಕೂಡ ಕೂರುತ್ತಾನೆ.

ಈ ಚಳಿಗಾಲ ಅನಘಾ ಮೊದಲ ಬಾರಿ ಅವರ ಜೊತೆ ಹೊರಟಳು. ನಾನು ಬಾಯಿ ತೆರೆಯುವ ಮೊದಲೇ ಗೋಡೆಯ ಮ್ಯಾಪಿನಲ್ಲಿ ದಾರಿಯನ್ನು ಬೆರಳಿಟ್ಟು ತೋರಿಸಿ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಪಟಪಟನೆ ಒಪ್ಪಿಸಿದಳು. ಆಮೇಲೆ ಬಾಗಿಲ ಪಕ್ಕದ ಬೆಂಚಿನ ಮೇಲೆ ತಾನಾಗಿಯೇ ಕೂತು ಕೈ ಚಾಚಿದಳು.

"ಅಮ್ಮ, ನೀರು."